ಲಂಡನ್ನಿಗೆ ಹೋದ ಬೊಮ್ಮಸಂದ್ರದ ಕಾರು

(ಪೀತಮ್‌ಪುರದಲ್ಲಿ ನಡೆದ ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಪ್ರತಿ ತಿಂಗಳು ನಮ್ಮಲ್ಲಿ ಒಬ್ಬರು ತಮಗೆ ಗೊತ್ತಿರುವ ವಿಷಯದ ಬಗ್ಗೆ ಅರ್ಧ ಗಂಟೆ ಮಾತಾಡಬೇಕು ಅನ್ನುವುದು ಈ ವೇದಿಕೆಯ ಪದ್ಧತಿ. ಹೋದ ತಿಂಗಳು ಮಧುಮೇಹದ ಬಗ್ಗೆ ಕೇಳಿದೆವು, ಅದರ ಹಿಂದಿನ ತಿಂಗಳು ವಚನಗಳ ಬಗ್ಗೆ. ಈ ಸಲ ನನ್ನ ಸರದಿ. ನಾನು ಸಾಫ್ಟ್‌ವೇರ್‌ನವಳು, ಮೊಬೈಲ್ ವಂಚನೆಯಿಂದ ಪಾರಾಗುವುದು ಹೇಗೆ ಅಂತ ಹೇಳುತ್ತೇನೆ ಎಂದು ಎಲ್ಲರೂ ಅಂದುಕೊಂಡಿದ್ದರು. ಕಾರಿನ ಬಗ್ಗೆ ಮಾತಾಡುತ್ತೇನೆ ಅಂದಾಗ ಕಾರ್ಯದರ್ಶಿಗಳು "ಕಂಪ್ಯೂಟರ್ ಬಿಟ್ಟು ಕಾರಾ?" ಅಂದರು. ಅದಕ್ಕೆ ಒಂದು ಕಾರಣ ಇದೆ. ಕೊನೆಯಲ್ಲಿ ಹೇಳುತ್ತೇನೆ.

ನಿಮ್ಮಲ್ಲಿ ಎಷ್ಟು ಜನ ಇವತ್ತು ಪೀತಮ್‌ಪುರ ಮೆಟ್ರೋ ಸ್ಟೇಷನ್ನಿನಿಂದ ಇಲ್ಲಿಗೆ ಇ-ರಿಕ್ಷಾದಲ್ಲಿ ಬಂದಿರಿ? ಕೈ ಎತ್ತಿ ನೋಡೋಣ. ಅರ್ಧಕ್ಕಿಂತ ಹೆಚ್ಚು. ನೀವು ಕೂತಿದ್ದ ಸೀಟಿನ ಕೆಳಗೆ ಸಾಮಾನ್ಯವಾಗಿ ನಾಲ್ಕು ಸೀಸದ ಬ್ಯಾಟರಿಗಳು ಇರುತ್ತವೆ. ಒಂದೊಂದೂ 12 ವೋಲ್ಟ್, ಒಟ್ಟು 48 ವೋಲ್ಟ್. ಈ 48 ಅನ್ನುವ ಸಂಖ್ಯೆ ನೆನಪಿಟ್ಟುಕೊಳ್ಳಿ. ಇಪ್ಪತ್ತೈದು ವರ್ಷಗಳ ಹಿಂದೆ ನಮ್ಮ ಬೆಂಗಳೂರಿನಲ್ಲಿ ಇದೇ 48 ವೋಲ್ಟಿನ ಮೇಲೆ ಒಂದು ಕಾರು ಓಡಿತು. ಆರು ವೋಲ್ಟಿನ ಎಂಟು ಬ್ಯಾಟರಿಗಳು. ಅದರ ಹೆಸರು ರೇವಾ.

ಆ ಕಾರು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ಜಯನಗರದಲ್ಲಿದ್ದ ನನ್ನ ಚಿಕ್ಕಮ್ಮ 2005ರಲ್ಲಿ ಒಂದು ರೇವಾ ಕೊಂಡರು. ಅವರು ಬ್ಯಾಂಕಿನಲ್ಲಿದ್ದರು. ಅದಕ್ಕೆ ಮೊದಲು ಎರಡು ಸಲ ಡ್ರೈವಿಂಗ್ ಸ್ಕೂಲಿಗೆ ಸೇರಿ ಬಿಟ್ಟಿದ್ದರು. ಏರಿನಲ್ಲಿ ಕ್ಲಚ್ ಬಿಟ್ಟರೆ ಗಾಡಿ ಹಿಂದಕ್ಕೆ ಹೋಗುತ್ತದೆ, ಹಿಂದಿನವನು ಹಾರ್ನ್ ಹೊಡೆಯುತ್ತಾನೆ, ಪಕ್ಕದಲ್ಲಿ ಕೂತ ಚಿಕ್ಕಪ್ಪ "ಬೇಗ, ಬೇಗ" ಅನ್ನುತ್ತಾರೆ. ರೇವಾದಲ್ಲಿ ಕ್ಲಚ್ಚೂ ಇಲ್ಲ, ಗೇರೂ ಇಲ್ಲ. ಕೀ ತಿರುಗಿಸಿ ಪೆಡಲ್ ಒತ್ತಿದರೆ ಸದ್ದಿಲ್ಲದೆ ಹೊರಡುತ್ತದೆ. ಚಿಕ್ಕಮ್ಮ ಜೀವನದಲ್ಲಿ ಒಬ್ಬರೇ ಓಡಿಸಿದ ಮೊದಲ ಕಾರು ಅದು. ಆಗ ನಾನು ಪಿಯುಸಿ. ಟ್ಯೂಷನ್ನಿಗೆ ಅವರ ಜೊತೆ ಹೋಗುತ್ತಿದ್ದೆ. ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು ಅಂತ ಲೆಕ್ಕ. ಉದ್ದ ಎರಡೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು ಅಷ್ಟೇ. ಬಟ್ಟೆ ಅಂಗಡಿಯ ಮುಂದೆ ಎರಡು ಸ್ಕೂಟರಿನ ಮಧ್ಯೆ ಜಾಗ ಸಿಕ್ಕರೆ ಚಿಕ್ಕಮ್ಮ ಅಲ್ಲಿ ನಿಲ್ಲಿಸಿಬಿಡುತ್ತಿದ್ದರು.

ಜನ ನಗುತ್ತಿದ್ದರು. ಸಿಗ್ನಲ್ಲಿನಲ್ಲಿ ಆಟೋದವರು ಬಗ್ಗಿ ನೋಡುತ್ತಿದ್ದರು. ಪಕ್ಕದ ಮನೆಯವರು "ಇದಕ್ಕೆ ಕೀ ಕೊಟ್ಟರೆ ಎಷ್ಟು ದೂರ ಓಡುತ್ತೆ?" ಅಂತ ಆಟಿಕೆಯ ಬಗ್ಗೆ ಕೇಳಿದ ಹಾಗೆ ಕೇಳಿದ್ದರು. ಒಂದು ದಿನ ಚಿಕ್ಕಪ್ಪ ಪೇಪರಿನಲ್ಲಿ ಓದಿ ಹೇಳಿದರು, ಇದೇ ಕಾರು ಲಂಡನ್ನಿನಲ್ಲಿ ಚೆನ್ನಾಗಿ ಹೋಗುತ್ತಿದೆಯಂತೆ ಅಂತ. ಚಿಕ್ಕಮ್ಮ ಕಾಫಿ ಸೋಸುತ್ತಾ ಕೇಳಿದರು: "ಲಂಡನ್ನಿನವರಿಗೆ ಬೇಕಾದದ್ದು ನಮ್ಮವರಿಗೆ ಯಾಕೆ ಬೇಡ?"

ಇವತ್ತಿನ ನನ್ನ ಮಾತು ಆ ಪ್ರಶ್ನೆಯ ಸುತ್ತಲೇ ಇದೆ.

ಮೊದಲು ಕಾರು ಹುಟ್ಟಿದ ಬಗೆ. ಬೆಂಗಳೂರಿನ ಮೈನಿ ಕುಟುಂಬದವರು ಯಂತ್ರದ ಬಿಡಿಭಾಗಗಳ ಉದ್ಯಮ ನಡೆಸುತ್ತಿದ್ದವರು. ಆ ಮನೆಯ ಹುಡುಗ ಚೇತನ್ ಮೈನಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದುವಾಗ ಅಲ್ಲಿನ ಸೌರ ಕಾರಿನ ತಂಡದಲ್ಲಿದ್ದರು. ಆ ತಂಡ 1990ರಲ್ಲಿ ಅಮೆರಿಕದ ಸೌರ ಕಾರುಗಳ ಸ್ಪರ್ಧೆಯನ್ನು ಗೆದ್ದು, ಅದೇ ವರ್ಷ ಆಸ್ಟ್ರೇಲಿಯಾದ ಸ್ಪರ್ಧೆಯಲ್ಲಿ ಮೂರನೆಯದಾಗಿ ಬಂತು. ಮುಂದೆ ಸ್ಟ್ಯಾನ್‌ಫರ್ಡಿನಲ್ಲಿ ಓದಿದರು. 1994ರಲ್ಲಿ ಮೈನಿ ಸಮೂಹವೂ ಕ್ಯಾಲಿಫೋರ್ನಿಯಾದ ಅಮೆರಿಗಾನ್ ಅನ್ನುವ ಕಂಪನಿಯೂ ಸೇರಿ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿ ಕಟ್ಟಿದವು. ರೇವಾ ಅನ್ನುವುದು ಚೇತನ್ ಅವರ ತಾಯಿಯ ಹೆಸರು ಕೂಡ. ಕಾರ್ಖಾನೆ ಹೊಸೂರು ರಸ್ತೆಯ ಬೊಮ್ಮಸಂದ್ರದಲ್ಲಿ. 2001ರಲ್ಲಿ ಕಾರು ರಸ್ತೆಗೆ ಬಂತು.

2001 ಅಂದರೆ ಇಲ್ಲಿ ದೆಹಲಿಯಲ್ಲಿ ಏನು ನಡೆಯುತ್ತಿತ್ತು? ಹಿರಿಯರಿಗೆ ನೆನಪಿರಬಹುದು. ಬಸ್ಸುಗಳೆಲ್ಲ ಡೀಸೆಲ್ ಬಿಟ್ಟು ಸಿಎನ್‌ಜಿಗೆ ಬರಬೇಕು ಅಂತ ಸುಪ್ರೀಂ ಕೋರ್ಟು 1998ರಲ್ಲಿ ಆದೇಶ ಕೊಟ್ಟಿತ್ತು. ಅದರ ಗಡುವು 2001ರ ಮಾರ್ಚ್. ಗಡುವಿನ ಹೊತ್ತಿಗೆ ಬಸ್ಸಿಗಾಗಿ ಕಾದವರ ಕಷ್ಟ, ಗ್ಯಾಸಿಗಾಗಿ ಆಟೋಗಳ ಉದ್ದದ ಸಾಲು ಎಲ್ಲವನ್ನೂ ನನ್ನ ಅತ್ತೆಯವರು ಇವತ್ತಿಗೂ ಹೇಳುತ್ತಾರೆ. ಆದರೆ ಬಸ್ಸು ಬದಲಾದವು. ಜನರಿಗೆ ಒಮ್ಮೆಲೇ ಸಿಎನ್‌ಜಿಯ ಮೇಲೆ ಪ್ರೀತಿ ಬಂದದ್ದರಿಂದ ಬದಲಾದದ್ದಲ್ಲ. ಬೇರೆ ದಾರಿ ಇಲ್ಲದ ಹಾಗೆ ನಿಯಮ ಬಂತು, ಅದಕ್ಕೆ ಬದಲಾದವು.

ಬೆಂಗಳೂರಿನಲ್ಲಿ ರೇವಾಕ್ಕೆ ಅಂಥ ನಿಯಮದ ಬೆಂಬಲ ಇರಲಿಲ್ಲ. ಅದರ ಬ್ಯಾಟರಿ ಸುಮಾರು ಹತ್ತು ಯೂನಿಟ್ ವಿದ್ಯುತ್ತು ಹಿಡಿಯುತ್ತಿತ್ತು. ಪೂರ್ತಿ ಚಾರ್ಜ್ ಮಾಡಿದರೆ 80 ಕಿಲೋಮೀಟರ್ ಅಂತ ಕಂಪನಿಯ ಲೆಕ್ಕ. ಓಡಿಸುವ ಖರ್ಚು ತೀರಾ ಕಡಿಮೆ. ಆದರೆ ಕೊಳ್ಳುವ ಬೆಲೆ ಎರಡೂವರೆ ಲಕ್ಷದ ಮೇಲೆ. ಅದಕ್ಕಿಂತ ಕಡಿಮೆಗೆ ಮಾರುತಿ 800 ಬರುತ್ತಿತ್ತು. ಅದರಲ್ಲಿ ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಅಜ್ಜಿ, ಜೊತೆಗೆ ಮಾವಿನಹಣ್ಣಿನ ಬುಟ್ಟಿ ಎಲ್ಲವೂ ಸೇರಿ ತುಮಕೂರಿಗೆ ಹೋಗಿಬರಬಹುದು. ರೇವಾದ ಸೀಸದ ಬ್ಯಾಟರಿಗಳನ್ನು ಕೆಲವು ವರ್ಷಕ್ಕೊಮ್ಮೆ ಬದಲಾಯಿಸಬೇಕು. ನಮ್ಮ ಮಧ್ಯಮವರ್ಗದ ಮನೆಯಲ್ಲಿ ಕಾರು ಅಂದರೆ ಒಂದೇ ಕಾರು, ಅದು ಎಲ್ಲ ಕೆಲಸಕ್ಕೂ ಆಗಬೇಕು. ರೇವಾ ಮನೆಯ ಎರಡನೆಯ ಕಾರು. ಎರಡನೆಯ ಕಾರು ಇಟ್ಟುಕೊಳ್ಳುವ ಮನೆಗಳು ಆಗ ಎಷ್ಟಿದ್ದವು? ಇದ್ದರೂ ಎರಡನೆಯ ಕಾರು ಯಾರಿಗೆ, ಹೆಂಡತಿಗೆ ತಾನೆ? ಅದಕ್ಕೆ ಎರಡೂವರೆ ಲಕ್ಷವಾ? ನಗಬೇಡಿ, ನಮ್ಮ ಮನೆಗಳಲ್ಲಿ ಆದ ಮಾತೇ ಇದು.

ಈಗ ಲಂಡನ್ನಿಗೆ ಬರೋಣ.

2003ರ ಫೆಬ್ರುವರಿಯಲ್ಲಿ ಲಂಡನ್ ನಗರದ ನಡುಭಾಗಕ್ಕೆ ಕಾರು ತಂದರೆ ಶುಲ್ಕ ಕಟ್ಟಬೇಕು ಅನ್ನುವ ನಿಯಮ ಬಂತು. ವಾಹನ ದಟ್ಟಣೆ ಇಳಿಸುವುದಕ್ಕೆ. ಮೊದಲು ದಿನಕ್ಕೆ 5 ಪೌಂಡ್, 2005ರ ಜುಲೈಯಿಂದ 8 ಪೌಂಡ್. ಎಲೆಕ್ಟ್ರಿಕ್ ಕಾರಿಗೆ ಆಗ ಈ ಶುಲ್ಕವಿರಲಿಲ್ಲ. ವರ್ಷಕ್ಕೆ 10 ಪೌಂಡ್ ಕಟ್ಟಿ ಹೆಸರು ನೋಂದಾಯಿಸಿದರೆ ಸಾಕಾಗಿತ್ತು. ಕೆಲವು ಕಡೆ ಪಾರ್ಕಿಂಗ್ ಕೂಡ ಪುಕ್ಕಟೆಯಾಗಿತ್ತು. 2004ರಲ್ಲಿ ಗೋಯಿನ್‌ಗ್ರೀನ್ ಅನ್ನುವ ಅಲ್ಲಿನ ಸಣ್ಣ ಕಂಪನಿಯೊಂದು ನಮ್ಮ ರೇವಾವನ್ನು ಜಿ-ವಿಝ್ ಅನ್ನುವ ಹೆಸರಿನಲ್ಲಿ ಮಾರಲು ಶುರು ಮಾಡಿತು. ಅದೇ 2004ರ ಮಾರ್ಚಿನ ಕೊನೆಯಲ್ಲಿ ನಮ್ಮ ಪೀತಮ್‌ಪುರಕ್ಕೆ ಮೆಟ್ರೋ ಬಂತು. ಈ ಎರಡಕ್ಕೂ ಸಂಬಂಧವಿಲ್ಲ, ಕಾಲ ನೆನಪಿಟ್ಟುಕೊಳ್ಳಲು ಹೇಳಿದೆ.

ಒಂದು ಲೆಕ್ಕ ಮಾಡೋಣ. ಲಂಡನ್ನಿನ ನಡುಭಾಗದ ಆಫೀಸಿಗೆ ಕಾರಿನಲ್ಲಿ ಹೋಗುವ ಒಬ್ಬರು. ವಾರಕ್ಕೆ ಐದು ದಿನ, ವರ್ಷಕ್ಕೆ 48 ವಾರ, ಅಂದರೆ 240 ದಿನ. ದಿನಕ್ಕೆ 8 ಪೌಂಡಿನಂತೆ ವರ್ಷಕ್ಕೆ 1,920 ಪೌಂಡ್. ನಾಲ್ಕು ವರ್ಷಕ್ಕೆ 7,680. ಜಿ-ವಿಝ್‌ನ ಬೆಲೆಯೂ ಹೆಚ್ಚುಕಡಿಮೆ ಅಷ್ಟೇ, ಏಳೆಂಟು ಸಾವಿರ ಪೌಂಡ್. ಅಂದರೆ ಹೇಗಿದ್ದರೂ ಕಟ್ಟಬೇಕಾಗಿದ್ದ ಶುಲ್ಕದ ಹಣದಲ್ಲೇ ಕಾರು ಬಂದುಬಿಟ್ಟಿತು. ಪಾರ್ಕಿಂಗ್ ಉಳಿತಾಯ, ಪೆಟ್ರೋಲ್ ಉಳಿತಾಯ ಬೇರೆ.

ಚಿಕ್ಕಮ್ಮನ ಪ್ರಶ್ನೆಗೆ ಮೊದಲ ಉತ್ತರ ಇಲ್ಲಿದೆ. ಲಂಡನ್ನಿನವರು ನಮಗಿಂತ ಜಾಣರು, ನಾವು ಹಿಂದುಳಿದವರು ಅನ್ನುವ ಮಾತೇ ಇಲ್ಲ. ಪರಿಸರದ ಕಾಳಜಿಯಿಂದ ಕೊಂಡವರು ಖಂಡಿತ ಇದ್ದರು. ಆದರೆ ಅದೇ ಕಾರು, ಅದೇ ಎಂಟು ಬ್ಯಾಟರಿ, ಅಲ್ಲಿ ವರ್ಷಕ್ಕೆ ಎರಡು ಸಾವಿರ ಪೌಂಡ್ ಉಳಿಸಿಕೊಡುತ್ತಿತ್ತು, ಇಲ್ಲಿ ಪೆಟ್ರೋಲಿನ ಖರ್ಚನ್ನು ಮಾತ್ರ ಉಳಿಸುತ್ತಿತ್ತು. ಇಂಗ್ಲೆಂಡಿನಲ್ಲಿ ಸಾವಿರಕ್ಕೂ ಹೆಚ್ಚು ಜಿ-ವಿಝ್ ಮಾರಾಟವಾದವು. ಒಟ್ಟಾರೆ ರೇವಾ ಕಾರುಗಳು ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ನಾಲ್ಕು ಸಾವಿರಕ್ಕಿಂತ ಹೆಚ್ಚು ಹೋದವು. ದೊಡ್ಡ ಕಾರ್ಖಾನೆಗೆ ಅದು ಕೆಲವೇ ದಿನಗಳ ಉತ್ಪಾದನೆ. ಆದರೂ ಒಂದು ಕಾಲದಲ್ಲಿ ಲಂಡನ್ನಿನ ರಸ್ತೆಯಲ್ಲಿ ಎಲೆಕ್ಟ್ರಿಕ್ ಕಾರು ಕಂಡರೆ ಅದು ಬೊಮ್ಮಸಂದ್ರದ್ದೇ ಇರಬೇಕು ಅನ್ನುವಂತೆ ಇತ್ತು. ಟೆಸ್ಲಾ ಹೆಸರು ಆಗ ಯಾರಿಗೆ ಗೊತ್ತಿತ್ತು?

ಆದರೆ ಲಂಡನ್ನಿಗೆ ಹೋಗಲು ಅದು ಹಿಡಿದ ದಾರಿಯ ಬಗ್ಗೆ ಹೇಳಲೇಬೇಕು. ಯುರೋಪಿನಲ್ಲಿ ಕಾರು ಮಾರಬೇಕಾದರೆ ಕ್ರ್ಯಾಶ್ ಟೆಸ್ಟ್ ಆಗಬೇಕು, ಅಂದರೆ ಗೋಡೆಗೆ ಗುದ್ದಿಸಿ ಒಳಗಿರುವವರಿಗೆ ಏನಾಗುತ್ತದೆ ಅಂತ ನೋಡಬೇಕು. ಅದಕ್ಕೆ ತಕ್ಕ ಹಾಗೆ ಕಾರು ಕಟ್ಟುವುದಕ್ಕೆ ಅಪಾರ ಹಣ ಬೇಕು. ಆದರೆ ಅಲ್ಲಿ ಕ್ವಾಡ್ರಿಸೈಕಲ್ ಅಂತ ಇನ್ನೊಂದು ವರ್ಗ ಇದೆ. ನಾಲ್ಕು ಚಕ್ರದ ಹಗುರ ವಾಹನ. ಆಗ ಬ್ಯಾಟರಿ ಬಿಟ್ಟು 400 ಕಿಲೋದೊಳಗೆ ತೂಕ, 15 ಕಿಲೋವಾಟಿನೊಳಗೆ ಶಕ್ತಿ ಇರಬೇಕಾಗಿತ್ತು. ಈ ವರ್ಗಕ್ಕೆ ಕಾರಿನ ಕ್ರ್ಯಾಶ್ ಟೆಸ್ಟ್ ಕಡ್ಡಾಯವಿರಲಿಲ್ಲ. ರೇವಾದ ಬ್ಯಾಟರಿಗಳೇ ಎರಡೂವರೆ ಕ್ವಿಂಟಲಿಗಿಂತ ಹೆಚ್ಚು ತೂಗುತ್ತಿದ್ದವು, ಆದರೆ ಬ್ಯಾಟರಿಯನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲವಲ್ಲ. ಹಾಗಾಗಿ ಕಾನೂನಿನ ಪ್ರಕಾರ ಅದು ಕಾರೇ ಅಲ್ಲ, ಕ್ವಾಡ್ರಿಸೈಕಲ್. ಮುಂಬಾಗಿಲು ದುಬಾರಿ ಅಂತ ಪಕ್ಕದ ಬಾಗಿಲಿನಿಂದ ಒಳಗೆ ಹೋದ ಹಾಗೆ. ಕಾನೂನು ಬಿಟ್ಟಿದ್ದ ದಾರಿಯೇ, ತಪ್ಪೇನಿಲ್ಲ. ಸಣ್ಣ ಕಂಪನಿಗೆ ಬೇರೆ ದಾರಿಯೂ ಇರಲಿಲ್ಲ.

ಆದರೆ ಕೊಂಡವರಿಗೆ ಅದು ಕಾರು. ನೋಡಿದವರಿಗೆ ಅದು ಕಾರು. 2007ರಲ್ಲಿ ಟಾಪ್ ಗೇರ್ ಅನ್ನುವ ಹೆಸರುವಾಸಿ ಪತ್ರಿಕೆ ತಾನೇ ಹಣ ಕೊಟ್ಟು, ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಅದರ ಕ್ರ್ಯಾಶ್ ಟೆಸ್ಟ್ ಮಾಡಿಸಿತು. ಫಲಿತಾಂಶ ಕೆಟ್ಟದಾಗಿತ್ತು. ಇದು ಹೆದ್ದಾರಿಯ ಗಾಡಿಯಲ್ಲ, ನಗರದ ನಿಧಾನ ಸಂಚಾರಕ್ಕೆ ಮಾಡಿದ್ದು ಅಂತ ಮಾರುವವರು ವಾದಿಸಿದರು. ಕಂಪನಿ ಮುಂದಿನ ಮಾದರಿಗಳಲ್ಲಿ ಚೌಕಟ್ಟನ್ನು ಬಲಪಡಿಸಿತು, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕಿತು. ಆದರೆ ಹೆಸರಿಗೆ ತಗುಲಿದ ಪೆಟ್ಟು ಸುಲಭಕ್ಕೆ ಮಾಯುವುದಿಲ್ಲ. 2010ರಲ್ಲಿ ಲಂಡನ್ನಿನ ಅಪಘಾತವೊಂದರಲ್ಲಿ ಜಿ-ವಿಝ್ ಓಡಿಸುತ್ತಿದ್ದ ಮಹಿಳೆಯೊಬ್ಬರು ತೀರಿಕೊಂಡರು. ಆ ಸುದ್ದಿಯನ್ನು ನಾನು ಓದಿದ್ದು ಎಂಜಿನಿಯರಿಂಗ್ ಮುಗಿಸಿದ ವರ್ಷ. ಮೊದಲು ನೆನಪಾದದ್ದು ಚಿಕ್ಕಮ್ಮ, ಅವರ ಪಕ್ಕದ ಸೀಟಿನಲ್ಲಿ ಕೂತು ಓಡಾಡಿದ ನಾನು. ಆ ಕಾರಿನ ಬಗ್ಗೆ ಹೆಮ್ಮೆಯಿಂದ ಮಾತಾಡುವಾಗಲೆಲ್ಲ ಈ ಸಂಗತಿಯನ್ನೂ ಸೇರಿಸಿಯೇ ಹೇಳಬೇಕು ಅಂತ ಅಂದುಕೊಂಡಿದ್ದೇನೆ. ಅದನ್ನು ಬಿಟ್ಟು ಹೇಳಿದರೆ ಕಥೆ ಸುಳ್ಳಾಗುತ್ತದೆ.

ನಮ್ಮ ಇ-ರಿಕ್ಷಾಕ್ಕೂ ಆದದ್ದು ಇದೇ. ಯಾವ ವರ್ಗಕ್ಕೂ ಸೇರದ ವಾಹನವಾಗಿ ದೆಹಲಿಯ ಗಲ್ಲಿಗಳಿಗೆ ಬಂತು. ಲೈಸೆನ್ಸ್ ಇಲ್ಲ, ನಂಬರ್ ಪ್ಲೇಟ್ ಇಲ್ಲ, ಇನ್ಶೂರೆನ್ಸ್ ಇಲ್ಲ. 2014ರ ಜುಲೈ 31ರಂದು ದೆಹಲಿ ಹೈಕೋರ್ಟು ಅವುಗಳ ಸಂಚಾರವನ್ನೇ ನಿಲ್ಲಿಸಿತು. ಆಮೇಲೆ ನಿಯಮ ಬಂತು, 2015ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂತು. ಗಂಟೆಗೆ 25 ಕಿಲೋಮೀಟರ್ ವೇಗ, ನಾಲ್ಕು ಪ್ರಯಾಣಿಕರು, ಚಾಲಕನಿಗೆ ಲೈಸೆನ್ಸ್. ನಾಲ್ಕರ ಜಾಗದಲ್ಲಿ ಆರು ಜನ ಕೂರುವುದನ್ನು ನಾವೇ ದಿನಾ ನೋಡುತ್ತೇವೆ, ಕೆಲವು ಸಲ ಆರನೆಯವರು ನಾವೇ ಆಗಿರುತ್ತೇವೆ. ಆದರೂ ಇ-ರಿಕ್ಷಾ ಉಳಿಯಿತು. ಯಾಕೆ? ಇಲ್ಲಿಯೇ, ಈ ಬೀದಿಯಲ್ಲಿಯೇ, ದಿನಾ ಹತ್ತು ರೂಪಾಯಿ ಕೊಟ್ಟು ಹತ್ತುವ ಜನ ಇದ್ದರು. ಕಾನೂನು ಅದನ್ನು ಓಡಿಸಬೇಡಿ ಅಂದಾಗಲೂ ಅದು ಬೇಕಾದವರು ಇದ್ದರು. ಕೊನೆಗೆ ಕಾನೂನೇ ಅದಕ್ಕೆ ಜಾಗ ಮಾಡಿಕೊಟ್ಟಿತು.

ರೇವಾದ ಮುಂದಿನ ಕಥೆ ಬೇಗ ಹೇಳುತ್ತೇನೆ. 2009ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನದಲ್ಲಿ ರೇವಾ ಎರಡು ಹೊಸ ಕಾರುಗಳನ್ನು ತೋರಿಸಿತು. ಅದರ ಜೊತೆ ರಿವೈವ್ ಅನ್ನುವ ಒಂದು ತಂತ್ರಜ್ಞಾನ. ನಮ್ಮ ಅಜ್ಜಿಯರು ಸಾಸಿವೆ ಡಬ್ಬಿಯಲ್ಲಿ ಸ್ವಲ್ಪ ದುಡ್ಡು ಬಚ್ಚಿಡುತ್ತಿದ್ದರಲ್ಲ, ಹಾಗೆ ಬ್ಯಾಟರಿಯಲ್ಲಿ ಸ್ವಲ್ಪ ಚಾರ್ಜನ್ನು ಬಚ್ಚಿಡುವುದು. ದಾರಿಯಲ್ಲಿ ಚಾರ್ಜ್ ಮುಗಿದರೆ ಕಂಪನಿಗೆ ಫೋನ್ ಅಥವಾ ಮೆಸೇಜ್ ಮಾಡಿದರೆ ಅವರು ದೂರದಿಂದಲೇ ಆ ಉಳಿಕೆಯನ್ನು ಬಿಟ್ಟುಕೊಡುತ್ತಾರೆ, ಮನೆ ಸೇರಬಹುದು. ಸ್ಮಾರ್ಟ್‌ಫೋನ್ ಇನ್ನೂ ಎಲ್ಲರ ಕೈಗೆ ಬರದ ಕಾಲದಲ್ಲಿ ಬೆಂಗಳೂರಿನವರು ಇದನ್ನು ಮಾಡಿದ್ದರು. ಎಂಟೆಕ್‌ನಲ್ಲಿ ನನ್ನ ಪ್ರಾಜೆಕ್ಟು ಬ್ಯಾಟರಿಯಲ್ಲಿ ಉಳಿದ ಚಾರ್ಜನ್ನು ಸಾಫ್ಟ್‌ವೇರಿನಿಂದ ಅಂದಾಜು ಮಾಡುವುದು. ಆ ವಿಷಯ ಆಯ್ದುಕೊಂಡದ್ದಕ್ಕೆ ಇದೂ ಒಂದು ಕಾರಣ.

ಹೊಸ ಕಾರು ಮಾಡಲು ಹಣ ಬೇಕು. 2010ರ ಮೇ ತಿಂಗಳಿನಲ್ಲಿ ಮಹೀಂದ್ರಾ ಕಂಪನಿ ರೇವಾದ ಶೇ. 55.2ರಷ್ಟು ಪಾಲು ಕೊಂಡಿತು. 2012ರಲ್ಲಿ ಬೊಮ್ಮಸಂದ್ರದಲ್ಲಿ ವರ್ಷಕ್ಕೆ 30,000 ಕಾರು ಮಾಡಬಲ್ಲ ಹೊಸ ಕಾರ್ಖಾನೆ ಎದ್ದಿತು. 2013ರ ಮಾರ್ಚಿನಲ್ಲಿ ಹೊಸ ಕಾರು ಇ2ಒ ಬಿಡುಗಡೆಯಾದದ್ದು ಎಲ್ಲಿ? ಇಲ್ಲೇ, ದೆಹಲಿಯಲ್ಲಿ. ಲಿಥಿಯಂ ಬ್ಯಾಟರಿ, ಒಂದು ಚಾರ್ಜಿಗೆ 100 ಕಿಲೋಮೀಟರ್. ದೆಹಲಿ ಸರ್ಕಾರ ಲೀಟರ್ ಡೀಸೆಲಿಗೆ 25 ಪೈಸೆಯಂತೆ ಎತ್ತಿದ ಗಾಳಿ ಶುದ್ಧೀಕರಣದ ನಿಧಿಯಿಂದ ಸಹಾಯಧನ ಕೊಡುತ್ತಿತ್ತು, ತೆರಿಗೆಯಲ್ಲೂ ರಿಯಾಯಿತಿ ಇತ್ತು. ಅದೆಲ್ಲ ಕಳೆದು ಇಲ್ಲಿ ಬೆಲೆ 5.96 ಲಕ್ಷ. ಆದರೆ ಕೇಂದ್ರ ಸರ್ಕಾರ 2010ರ ಕೊನೆಗೆ ಶುರು ಮಾಡಿದ್ದ ಸಹಾಯಧನ 2012ರ ಮಾರ್ಚಿಗೇ ಮುಗಿದಿತ್ತು. ಮುಂದಿನದು ಬಂದದ್ದು 2015ರ ಏಪ್ರಿಲಿನಲ್ಲಿ. ಕಾರು ಸಿದ್ಧವಾಗಿ ನಿಂತ ಎರಡು ವರ್ಷ ಕೇಂದ್ರದ ಸಹಾಯಧನ ಇರಲಿಲ್ಲ. 30,000ದ ಕಾರ್ಖಾನೆಗೆ ತಕ್ಕ ಕೊಳ್ಳುವವರು ಮನೆಯಲ್ಲಿ ಸಿಗಲಿಲ್ಲ.

2016ರ ಏಪ್ರಿಲಿನಲ್ಲಿ ಇ2ಒ ಇಂಗ್ಲೆಂಡಿಗೆ ಹೋಯಿತು. ಈ ಸಲ ಪಕ್ಕದ ಬಾಗಿಲಿನಿಂದ ಅಲ್ಲ, ಕಾರಾಗಿಯೇ. ಅಲ್ಲಿನ ಸರ್ಕಾರದ ಸಹಾಯಧನ ಕಳೆದು 12,995 ಪೌಂಡಿನಿಂದ ಬೆಲೆ. ಆದರೆ ಈ ನಡುವೆ ಏನಾಗಿತ್ತು? ಶುಲ್ಕ ವಿನಾಯಿತಿ ನಮಗೆ ಮಾತ್ರ ಬರೆದು ಕೊಟ್ಟದ್ದಲ್ಲವಲ್ಲ. ನಿಸ್ಸಾನ್ ತನ್ನ ಲೀಫ್ ಕಾರನ್ನು 2013ರಿಂದ ಇಂಗ್ಲೆಂಡಿನ ಸಂಡರ್‌ಲೆಂಡಿನಲ್ಲೇ ತಯಾರಿಸುತ್ತಿತ್ತು. ರೆನೋ, ಬಿಎಂಡಬ್ಲ್ಯು, ಫೋಕ್ಸ್‌ವ್ಯಾಗನ್ ಎಲ್ಲರೂ ಬಂದಿದ್ದರು. ಜಿ-ವಿಝ್ ಒಂದೇ ಇದ್ದ ಬೀದಿಯಲ್ಲಿ ಈಗ ಸಂತೆ ಸೇರಿತ್ತು. ಸ್ವಲ್ಪ ಹೆಚ್ಚು ಹಣಕ್ಕೆ ಐದು ಜನ ಕೂರುವ ದೊಡ್ಡ ಕಾರು ಸಿಗುತ್ತಿತ್ತು. 2001ರಲ್ಲಿ ಜಯನಗರದಲ್ಲಿ ಮಾರುತಿ 800 ಎದುರು ಆದದ್ದೇ 2016ರಲ್ಲಿ ಲಂಡನ್ನಿನಲ್ಲಿ ಲೀಫ್ ಎದುರು ಆಯಿತು. ಸುಮಾರು ಒಂದು ವರ್ಷದಲ್ಲೇ, 2017ರಲ್ಲಿ, ಇ2ಒ ಅಲ್ಲಿಂದ ವಾಪಸಾಯಿತು. ಕೊನೆಗೆ ಆ ವಿನಾಯಿತಿಗೂ ಲಂಡನ್ ಸಾರಿಗೆ ಸಂಸ್ಥೆ 2025ರ ಡಿಸೆಂಬರ್ 25ರ ಗಡುವು ಹಾಕಿತು. ಎಲೆಕ್ಟ್ರಿಕ್ ಕಾರುಗಳೇ ಹೆಚ್ಚಾಗಿ ದಟ್ಟಣೆ ಉಂಟಾದರೆ ಶುಲ್ಕ ಬಿಟ್ಟು ಏನು ಪ್ರಯೋಜನ ಅನ್ನುವುದು ಅವರ ಲೆಕ್ಕ. ಅವರ ಊರು, ಅವರ ನಿಯಮ.

ನಮ್ಮ ದೇಶದಲ್ಲಿ ಬೆಂಬಲ ಇದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು ಅಂತ ಹೇಳಿ ಮುಗಿಸಬಹುದು. ಆದರೆ ಅಷ್ಟು ಸುಲಭವಲ್ಲ. ನಾರ್ವೆಯನ್ನು ನೋಡಿ. ಎಲೆಕ್ಟ್ರಿಕ್ ಕಾರಿಗೆ ಅಷ್ಟು ಸೌಲಭ್ಯ ಕೊಟ್ಟ ದೇಶ ಇನ್ನೊಂದಿಲ್ಲ. ಆಗ ಮಾರಾಟ ತೆರಿಗೆ ಇರಲಿಲ್ಲ, ಬಸ್ಸಿಗೆ ಮೀಸಲಾದ ದಾರಿಯಲ್ಲಿ ಹೋಗಬಹುದಾಗಿತ್ತು. ನಮ್ಮ ರೇವಾ ಅಲ್ಲಿಗೂ ಹೋಗಿತ್ತು. ಅಲ್ಲಿನ ಸ್ವಂತ ಸಣ್ಣ ಕಾರು ಥಿಂಕ್ ಅಂತ ಇತ್ತು. ಸ್ವಂತ ದೇಶ, ಸ್ವಂತ ನಿಯಮ, ಎಲ್ಲ ಇದ್ದೂ ಆ ಕಂಪನಿ 2011ರಲ್ಲಿ ದಿವಾಳಿಯಾಯಿತು. ಅಷ್ಟು ಹೊತ್ತಿಗೆ ದೊಡ್ಡ ಕಂಪನಿಗಳು ಅದೇ ಬಾಗಿಲಿನಿಂದ ಒಳಗೆ ಬರತೊಡಗಿದ್ದವು.

ಹಾಗಾದರೆ ನನಗೆ ಅರ್ಥವಾದದ್ದು ಇಷ್ಟು. ನಿಯಮ ತೆರೆಯುವ ಬಾಗಿಲಿನಿಂದ ಮೊದಲು ಒಳಗೆ ಹೋಗುವವರು ಸಣ್ಣವರು. ದೊಡ್ಡವರು ಕಾದು ನೋಡುತ್ತಾರೆ. ಸಣ್ಣವರಿಗೆ ಸಿಗುವುದು ಐದಾರು ವರ್ಷ. ರೇವಾಕ್ಕೆ ಸಿಕ್ಕದ್ದು 2004ರಿಂದ 2010ರವರೆಗೆ. ಆ ವರ್ಷಗಳಲ್ಲಿ ಬಂದ ಆದಾಯದಿಂದ, ನಿಯಮ ತೆಗೆದರೂ ಜನ ಕೊಳ್ಳುವಂಥ ವಸ್ತುವನ್ನು ಮಾಡಿಕೊಳ್ಳಬೇಕು. ಅಷ್ಟರಲ್ಲಿ ಅದು ಆಗದಿದ್ದರೆ ಆಮೇಲೆ ಹೋಗಲು ಜಾಗವಿರುವುದಿಲ್ಲ. ಮನೆಯಲ್ಲಿ ದಿನವಹಿ ಗಿರಾಕಿ ಇದ್ದರೆ ಆ ಕೆಲಸಕ್ಕೆ ಸಮಯ ಸಿಗುತ್ತದೆ. ಸಾವಿರಾರು ಗಾಡಿ ಕಣ್ಣೆದುರಿಗೇ ಓಡಿ, ಕೆಟ್ಟು, ರಿಪೇರಿಯಾಗಿ ಕಲಿಸುತ್ತವೆ. ಚೀನಾದ ಕಂಪನಿಗಳು ಯುರೋಪಿಗೆ ಕಾರು ಕಳಿಸುವ ಮೊದಲು ಹತ್ತು ವರ್ಷ ತಮ್ಮ ಊರುಗಳ ಟ್ಯಾಕ್ಸಿ, ಬಸ್ಸುಗಳಲ್ಲೇ ಕಲಿತವು.

ರೇವಾದ ಕಲಿಕೆ ಪೂರ್ತಿ ವ್ಯರ್ಥವಾಗಲಿಲ್ಲ. ಚೇತನ್ ಮೈನಿ 2017ರಲ್ಲಿ ಸನ್ ಮೊಬಿಲಿಟಿ ಅನ್ನುವ ಕಂಪನಿಯನ್ನು ಜೊತೆಗೂಡಿ ಶುರು ಮಾಡಿದರು. ಖಾಲಿಯಾದ ಬ್ಯಾಟರಿ ಕೊಟ್ಟು ತುಂಬಿದ ಬ್ಯಾಟರಿ ತೆಗೆದುಕೊಳ್ಳುವ ವ್ಯವಸ್ಥೆ, ನಮ್ಮ ಗ್ಯಾಸ್ ಸಿಲಿಂಡರ್ ಹಾಗೆ. ಅದರ ಗಿರಾಕಿಗಳು ಮುಖ್ಯವಾಗಿ ಎರಡು ಮತ್ತು ಮೂರು ಚಕ್ರದ ವಾಹನದವರು. ಲಂಡನ್ನಿಗೆ ಹೋಗಿ ಬಂದವರು ಕೊನೆಗೆ ಬಂದದ್ದು ನಮ್ಮ ಬೀದಿಗೇ.

ಈಗ ನಾನು ಮೊದಲು ಹೇಳಿದ ಕಾರಣ. ಎರಡು ತಿಂಗಳ ಹಿಂದೆ ನನಗೆ ಒಂದು ಕೆಲಸದ ಕರೆ ಬಂತು. ಬೆಂಗಳೂರಿನ ಒಂದು ಸಣ್ಣ ಕಂಪನಿ, ಹೆಸರು ಬೇಡ. ಇಬ್ಬರು ಕೂರುವ ಎಲೆಕ್ಟ್ರಿಕ್ ಗಾಡಿ ಮಾಡಿದ್ದಾರೆ. ಯುರೋಪಿನ ಎರಡು ಊರುಗಳಲ್ಲಿ ಮಾರಬೇಕು ಅಂತ ಅವರ ಯೋಜನೆ. ಬ್ಯಾಟರಿಯ ಸಾಫ್ಟ್‌ವೇರ್ ತಂಡವನ್ನು ನಾನು ನೋಡಿಕೊಳ್ಳಬೇಕು. ಎಂಟೆಕ್‌ನಲ್ಲಿ ಓದಿದ್ದನ್ನು ಹತ್ತು ವರ್ಷ ಪಕ್ಕಕ್ಕಿಟ್ಟು ಬ್ಯಾಂಕುಗಳ ಸಾಫ್ಟ್‌ವೇರ್ ಬರೆದವಳು ನಾನು. ಪತ್ರ ಓದಿದ ದಿನ ರಾತ್ರಿ ನಿದ್ದೆ ಬರಲಿಲ್ಲ, ಖುಷಿಗೆ. ಮರುದಿನ ರಾತ್ರಿಯೂ ಬರಲಿಲ್ಲ, ಚಿಂತೆಗೆ. ಯಜಮಾನರ ಕೆಲಸ ಇಲ್ಲಿ, ಮಗಳ ಶಾಲೆ ಇಲ್ಲಿ, ಅತ್ತೆಯವರು ಇಲ್ಲಿ. ಅವರು ಎರಡನೆಯ ಸಾಲಿನಲ್ಲೇ ಕೂತಿದ್ದಾರೆ, ಈ ವಿಷಯ ಅವರಿಗೆ ಗೊತ್ತು, ಗಾಬರಿ ಬೇಡ. ಗಟ್ಟಿಯಾದ ಸಂಬಳ ಬಿಟ್ಟು ಹೋಗಬೇಕು. ಅದಕ್ಕೇ ರೇವಾದ ಕಥೆಯನ್ನು ಮತ್ತೆ ಮೊದಲಿನಿಂದ ಓದಿದೆ.

ಆ ಕಂಪನಿಯವರಿಗೆ ಮೂರು ಪ್ರಶ್ನೆ ಬರೆದು ಕಳಿಸಿದೆ. ನಿಮ್ಮ ಗಾಡಿ ಅಲ್ಲಿ ಯಾವ ವರ್ಗದಲ್ಲಿ ಹೋಗುತ್ತದೆ, ಆ ವರ್ಗಕ್ಕೆ ಕಡ್ಡಾಯವಲ್ಲದಿದ್ದರೂ ಕ್ರ್ಯಾಶ್ ಟೆಸ್ಟ್ ಮಾಡಿಸುತ್ತೀರಾ? ಅಲ್ಲಿನ ಸೌಲಭ್ಯ ನಾಳೆ ನಿಂತರೆ ಗಾಡಿಯನ್ನು ಯಾರು ಯಾಕೆ ಕೊಳ್ಳುತ್ತಾರೆ? ಇಲ್ಲಿ ಎಷ್ಟು ಮಾರಿದ್ದೀರಿ? ಅವರು ಪ್ರಾಮಾಣಿಕವಾಗಿ ಉತ್ತರಿಸಿದರು. ಟೆಸ್ಟ್ ಮಾಡಿಸುತ್ತೇವೆ, ಅದಕ್ಕೆ ಹಣ ತೆಗೆದಿಟ್ಟಿದ್ದೇವೆ ಅಂದರು. ಎರಡನೆಯದಕ್ಕೆ ಉತ್ತರ ಇನ್ನೂ ಹುಡುಕುತ್ತಿದ್ದೇವೆ ಅಂದರು. ಮೂರನೆಯದಕ್ಕೆ, ಇಲ್ಲಿ ಮಾರಾಟ ಇನ್ನೂ ಶುರುವಾಗಿಲ್ಲ, ಮೊದಲು ಹೊರಗೆ ಹೆಸರು ಮಾಡಿ ಆಮೇಲೆ ಮನೆಗೆ ಬರುತ್ತೇವೆ ಅಂದರು.

ಆ ಕೊನೆಯ ಉತ್ತರದ ಹತ್ತಿರ ನಾನು ನಿಂತುಬಿಟ್ಟಿದ್ದೇನೆ. ಅದು ಚಿಕ್ಕಮ್ಮನ ಪ್ರಶ್ನೆಯೇ. ಹೋದ ವಾರ ಫೋನ್ ಮಾಡಿ ಅವರನ್ನೇ ಕೇಳಿದೆ. ಅವರು ಆ ರೇವಾವನ್ನು ಎಂಟು ವರ್ಷ ಓಡಿಸಿ, ಎರಡು ಸಲ ಬ್ಯಾಟರಿ ಬದಲಾಯಿಸಿ, ರಿಟೈರ್ ಆದ ಮೇಲೆ ಮಾರಿದ್ದರು. ಎಲ್ಲ ಕೇಳಿಸಿಕೊಂಡು ಹೇಳಿದರು: "ಲಂಡನ್ನಿನವರು ಕೊಳ್ಳಲಿ ಬಿಡಲಿ, ಆ ಕಾರು ನನಗೆ ಬೇಕಾಗಿತ್ತು ಕಣೇ. ನನ್ನಂಥವರು ಈ ಊರಲ್ಲಿ ಎಷ್ಟು ಜನ ಇದ್ದಾರೆ ಅಂತ ಯಾರಾದರೂ ಬಂದು ಕೇಳಿದರಾ? ಅದನ್ನ ಕೇಳು ಅವರಿಗೆ."

ಕೇಳಿದ್ದೇನೆ. ಬೆಂಗಳೂರಿನಲ್ಲೋ ದೆಹಲಿಯಲ್ಲೋ ನೂರು ಗಾಡಿಗಳನ್ನು ಮೊದಲು ನಮ್ಮಂಥ ಹೆಂಗಸರ ಕೈಗೆ ಕೊಟ್ಟು ಒಂದು ವರ್ಷ ಓಡಿಸಿ ನೋಡಿ, ಆ ಲೆಕ್ಕ ನಾನು ಇಲ್ಲಿಂದಲೇ ಇಡುತ್ತೇನೆ, ಅದಕ್ಕೆ ಒಪ್ಪಿದರೆ ಬರುತ್ತೇನೆ ಅಂತ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ಈ ಮಧ್ಯೆ ನಿಮ್ಮಿಂದ ಒಂದು ಸಹಾಯ ಬೇಕು. ನೀವು ಒಬ್ಬರೇ ದಿನಾ ಎಲ್ಲಿಗೆ ಹೋಗುತ್ತೀರಿ, ಎಷ್ಟು ಕಿಲೋಮೀಟರ್, ಮನೆಯ ಕೆಳಗೆ ಚಾರ್ಜ್ ಮಾಡುವುದಕ್ಕೆ ಪ್ಲಗ್ ಪಾಯಿಂಟ್ ಹಾಕಲು ನಿಮ್ಮ ಸೊಸೈಟಿ ಬಿಡುತ್ತದೆಯೇ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಬಾಗಿಲ ಬಳಿಯ ಡಬ್ಬಿಯಲ್ಲಿ ಹಾಕಿ. ಹೆಸರು ಬರೆಯಬೇಕಾಗಿಲ್ಲ. ಇವತ್ತು ಇಲ್ಲಿ ನಲವತ್ತು ಜನ ಇದ್ದೀವಿ. ನಲವತ್ತು ಚೀಟಿಯನ್ನೂ ಅವರಿಗೆ ಕಳಿಸುತ್ತೇನೆ.

 ಕಾಫಿ ಮತ್ತು ಕೋಡುಬಳೆ ಸಿದ್ಧವಾಗಿದೆಯಂತೆ. ಚೀಟಿ ಮೊದಲು, ಕೋಡುಬಳೆ ಆಮೇಲೆ.